ಹಸುವಿನಂಥ ಅಮ್ಮ

ಮನೆ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮರೀ,

ಹೇಗಿದ್ದೀಯಾ? ನೆಗಡಿ ಇಳಿಯಿತಾ? ಬಿಸಿನೀರು ಕುಡಿ ಅಂದರೆ ಹೂಂ ಅನ್ನುತ್ತೀ, ಕುಡಿಯುವುದಿಲ್ಲ, ನನಗೆ ಗೊತ್ತು. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನನ್ನ ಮಂಡಿನೋವು ಹಾಗೇ ಇದೆ. ದಿನವಿಡೀ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವ ಕಂಡಕ್ಟರಿಗೆ ಮಂಡಿ ನೋಯದೆ ಇನ್ನೇನು ನೋಯುತ್ತದೆ? ಅಪ್ಪ ಕೈಗೆ ಸಿಕ್ಕ ಕೆಟ್ಟ ಗಡಿಯಾರಗಳನ್ನೆಲ್ಲ ಬಿಚ್ಚಿ ಮೇಜಿನ ತುಂಬ ಹರಡಿಕೊಂಡು ಕೂತಿದ್ದಾರೆ. ಊಟಕ್ಕೆ ನಮಗೆ ನೆಲವೇ ಗತಿ.

ನಿನ್ನ ಪತ್ರ ಬಂತು, ಜೊತೆಗೆ ‘ಅಮ್ಮ’ ಅನ್ನುವ ಪದ್ಯವೂ. ಅಪ್ಪ ಅದನ್ನು ಜೋರಾಗಿ ಓದಿ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ. ‘ಹಸುವಿನಂತೆ ಎಲ್ಲವ ಸಹಿಸುವಳು, ತುಟಿ ಬಿಚ್ಚಳು ನನ್ನಮ್ಮ’ ಅಂತ ಬರೆದಿದ್ದೀಯಲ್ಲ, ಯಾರ ಅಮ್ಮನೇ ಇವಳು? ಹಸುವಿನಂಥವಳು ಅಂದರೆ ಹೊಗಳಿಕೆ ಕಣೇ ಅಂದರು ಅಪ್ಪ. ಹೊಗಳಿಕೆಯೇ ಇರಬಹುದು, ಆದರೆ ಅದು ನನಗೆ ಸೇರಬೇಕಾದದ್ದಲ್ಲ. ಹೋದ ವಾರ ಒಬ್ಬ ದಾಂಡಿಗ ಎರಡು ಸೀಟಿಗೂ ಮೈಚಾಚಿ ಕೂತಿದ್ದ. ಪಕ್ಕದಲ್ಲೇ ತುಂಬು ಬಸುರಿ ನಿಂತಿದ್ದರೂ ಜಗ್ಗಲಿಲ್ಲ. ನಾನು ವಿಷಲ್ ಊದಿ ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸಿ, ಇವನು ಜಾಗ ಬಿಡುವ ತನಕ ಹೊರಡುವುದಿಲ್ಲ ಅಂದೆ. ಡ್ರೈವರ್ ಎಂಜಿನ್ನೇ ಆರಿಸಿಬಿಟ್ಟ. ಇಡೀ ಬಸ್ಸು ಅವನ ಮುಖ ನೋಡಿತು. ಅವನು ಎದ್ದ. ಯಾವ ಹಸು ಹೀಗೆ ಮಾಡುತ್ತದೆ ಹೇಳು. ಹಸು ಬೇಕೇ ಬೇಕಿದ್ದರೆ ನಿಮ್ಮಪ್ಪನ ಮೇಲೆ ಬರಿ. ಚಹಾಕ್ಕೆ ಉಪ್ಪು ಬಿದ್ದರೂ ಚೆನ್ನಾಗಿದೆ ಅಂತ ಕುಡಿಯುವ ಮನುಷ್ಯ.

ಹೋಲಿಕೆ ಬೇಡ ಅನ್ನುತ್ತಿಲ್ಲ, ನೋಡಿ ಬರಿ ಅನ್ನುತ್ತಿದ್ದೇನೆ. ನೀನು ಪುಟ್ಟವಳಿದ್ದಾಗ ಚಿಕ್ಕಮ್ಮನ ಕೂಸು ಬಿಕ್ಕುವುದನ್ನು ಕೇಳಿ, ‘ಚಳಿಯಲ್ಲಿ ಸ್ಟಾರ್ಟ್ ಆಗದ ಅಮ್ಮನ ಬಸ್ಸಿನ ಹಾಗೆ ಅಳ್ತಿದೆ’ ಅಂದಿದ್ದೆ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು, ಯಾಕೆಂದರೆ ಕೂಸು ಹಾಗೇ ಅಳುತ್ತಿತ್ತು. ಈಗ ನಿನ್ನ ಪದ್ಯಗಳಲ್ಲಿ ಹುಡುಗಿಯರೆಲ್ಲ ಹಂಸದಂತೆ ನಡೆಯುತ್ತಾರೆ. ಪಾರ್ಕಿನ ಕೊಳದ ದಡದಲ್ಲಿ ಹಂಸ ನಡೆಯುವುದನ್ನು ನಾನು ನೋಡಿದ್ದೇನೆ. ಹೊಸ ಚಪ್ಪಲಿ ಕಚ್ಚಿದವರ ಹಾಗೆ ಕಾಲೆಳೆಯುತ್ತದೆ. ನೀರಿಗಿಳಿದರೆ ಅದರ ಚೆಂದವೇ ಬೇರೆ, ಅದನ್ನು ಒಪ್ಪುತ್ತೇನೆ.

ಹೋಗಲಿ, ಹಂಸದಿಂದ ಯಾರಿಗೂ ನಷ್ಟವಿಲ್ಲ. ಹಸುವಿನಿಂದ ನಿನಗೆ ನಷ್ಟವಾಗಿದೆ. ಕೊಡೆ ಕೊಳ್ಳಲು ಹೊರಟ ಆಮೆಯ ಕಥೆ ನೀನು ಬರೆದದ್ದು. ನೀನು ಕೆಲಸ ಮಾಡುವ ಮಕ್ಕಳ ಪತ್ರಿಕೆಯಲ್ಲಿ ಅದನ್ನು ಸಂಪಾದಕರು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಕೊಂಡರು ಅಂತ ಪತ್ರದ ಕೊನೆಗೆ ಒಂದೇ ಸಾಲು ಬರೆದಿದ್ದೀ. ಅದರ ಕೆಳಗೆ, ‘ನಾನೂ ನಿನ್ನ ಹಾಗೆ ಸಹಿಸಿಕೊಂಡು ಸುಮ್ಮನಾದೆ ಅಮ್ಮಾ’ ಅಂತ. ನನ್ನ ಹಾಗಾ? ನಾನು ಯಾವತ್ತೇ ಸುಮ್ಮನಿದ್ದೆ? ಎಲ್ಲೋ ಓದಿದ ಅಮ್ಮನನ್ನು ತಂದು ನನ್ನ ಜಾಗದಲ್ಲಿ ಕೂರಿಸಿ, ಈಗ ಅವಳ ಹಾಗೆ ಬದುಕಲು ಹೊರಟಿದ್ದೀ. ಮುಂದಿನ ಸಂಚಿಕೆಗೆ ನಿನ್ನದೇ ಇನ್ನೊಂದು ಕಥೆ ಅವರ ಮೇಜಿನ ಮೇಲಿದೆಯಂತೆ. ಅದೂ ಹೋಗಬೇಕಾ? ಕೂಗಾಡಬೇಡ, ಅಳಬೇಡ. ಇದು ನಾನು ಬರೆದದ್ದು, ನನ್ನ ಹೆಸರು ಹಾಕಿ ಅನ್ನು, ಸಾಕು. ನಿನ್ನ ಕೈಲಿ ಆಗುತ್ತದೆ. ನೀನು ನನ್ನ ಮಗಳು.

ನಿನ್ನ ತಲೆ ಸವರಿದ್ದೇನೆಂದು ಬರೆಯಲು ಅಪ್ಪ ಹೇಳಿದರು. ನಾನೂ ಸವರಿದ್ದೇನೆ, ಹಾಗೇ ಕಿವಿಯನ್ನೂ ಒಂದಿಷ್ಟು ಹಿಂಡಿದ್ದೇನೆ. ಸುಖವಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ನನಗೆ ರಜೆ ಸಿಕ್ಕಿದೆ, ಗುರುವಾರ ಬೆಳಗಿನ ರೈಲಿಗೆ ಟಿಕೆಟ್ಟೂ ಆಗಿದೆ. ಸ್ಟೇಷನ್ನಿನಿಂದ ನೇರ ನಿಮ್ಮ ಆಫೀಸಿಗೇ ಬರುತ್ತೇನೆ. ನೀನು ಸಂಪಾದಕರ ಕೋಣೆಗೆ ಹೋಗು, ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಮಾತಾಡಿ ಬಂದೆಯೋ, ಇಬ್ಬರೂ ಊಟಕ್ಕೆ ಹೋಗೋಣ. ಮಾತಾಡದೆ ಬಂದೆಯೋ, ನೀನು ಬೆಂಚಿನ ಮೇಲೆ ಕೂರು, ನಾನು ಒಳಗೆ ಹೋಗುತ್ತೇನೆ.