ಒಣಗುವ ಮೊದಲು

ಅಣ್ಣಾ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೂ ನನ್ನ ಅಕ್ಷರ ಕಂಡೊಡನೆ ಹರಿದು ಹಾಕುತ್ತೀಯ.

ನೀನು ಕಪ್ಪು ಬಣ್ಣ ಹಿಡಿಸಿಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ಬಾಗಿಲ ಹಿಡಿಕೆಗಳನ್ನು ಗಿರಾಕಿ ಇಂದು ಬೆಳಿಗ್ಗೆ ತಂದು ನನ್ನ ಮೇಜಿನ ಮೇಲೆ ಸುರಿದ. "ಮುಟ್ಟಿದ್ರೆ ಕೈಯೆಲ್ಲಾ ಮಸಿ. ಪುಸ್ತಕ ನೋಡ್ಕೊಂಡೇ ಮಾಡಿದ್ದು ಅಂತಾರೆ ನಿಮ್ಮಣ್ಣ," ಅಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬೇರೆ ಅಂಗಡಿ ಹಾಕಲು ಹೊರಟಾಗ ನೀನು ನನ್ನನ್ನು ಕೇಳದೆ ಹೊತ್ತೊಯ್ದ, ಈ ಕೆಲಸದ ವಿಧಾನವನ್ನು ನಾನೇ ಬರೆದಿಟ್ಟಿದ್ದ ಪುಸ್ತಕ ಅದು. ಆಸಿಡ್‌ನಿಂದ ತೆಗೆದ ಸ್ಟೀಲನ್ನು ತೊಳೆದು, ಒಣಗುವ ಮೊದಲೇ ಕಪ್ಪು ಹಿಡಿಸುವ ತೊಟ್ಟಿಗೆ ಇಳಿಸಬೇಕು. ಒಣಗಿದರೆ ಬಣ್ಣ ಕಚ್ಚುವುದಿಲ್ಲ. ಈ ಮಾತು ಅದರಲ್ಲಿಲ್ಲ. ಅಷ್ಟು ವರ್ಷ ಆಸಿಡ್ ತೊಟ್ಟಿಯ ಬಳಿ ನೀನು, ಕಪ್ಪು ತೊಟ್ಟಿಯ ಬಳಿ ನಾನು. ತೊಳೆದದ್ದನ್ನು ನೀರು ಸೋರುವಾಗಲೇ ನಿನ್ನ ಕೈಯಿಂದ ಕಸಿದುಕೊಳ್ಳುತ್ತಿದ್ದೆ. "ಏನೋ ಅವಸರ, ರೈಲು ತಪ್ಪಿಹೋಗುತ್ತಾ?" ಎಂದು ನೀನು ನಗುತ್ತಿದ್ದೆ. ಯಾಕೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀನು ಹೊರಟ ದಿನ ಅದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಇಂದು ಆ ಹಿಡಿಕೆಗಳ ಕಪ್ಪನ್ನೆಲ್ಲ ಕಿತ್ತು, ಹೊಸದಾಗಿ ಹಿಡಿಸಿದೆ. ನೀನು ಗೋಡೆಯ ಮೊಳೆಗೆ ನೇತುಹಾಕಿ ಬಿಟ್ಟುಹೋದ ಬಿಳಿ ಅಂಗಿಯನ್ನು ಹರಿದು ಒರೆಸುವ ಬಟ್ಟೆ ಮಾಡಿಕೊಂಡಿದ್ದೇನೆ. ಸಂಜೆ ಬಂದ ಗಿರಾಕಿಯ ಎದುರೇ ಅದರ ತೋಳಿನಿಂದ ಹಿಡಿಕೆಯನ್ನು ಗಸಗಸ ತಿಕ್ಕಿದೆ. ತೋಳು ಬೆಳ್ಳಗೇ ಉಳಿಯಿತು. "ನೀವೇ ಸರಿ," ಅಂದ. ಅದನ್ನು ನೀನು ಕೇಳಿಸಿಕೊಳ್ಳಬೇಕಿತ್ತು.

ಮೂರು ಹಿಡಿಕೆಗಳನ್ನು ಮಾತ್ರ ಅವನಿಗೆ ತೋರಿಸಲಿಲ್ಲ. ಆ ತೊಟ್ಟಿಯಿಂದ ಈ ತೊಟ್ಟಿಗೆ ನಾನೊಬ್ಬನೇ ಓಡುವಷ್ಟರಲ್ಲಿ ಅವು ಒಣಗಿಹೋಗಿದ್ದವು.