ನಾನು ಬರೆದ ಹುಲಿಗೆವ್ವ

ರವಿವಾರ, 18 ಆಗಸ್ಟ್ 2024

ಪ್ರೀತಿಯ ಸಂಜೀವಕುಮಾರನಿಗೆ,

ಪ್ರೇಮಕುಮಾರನ ನಮಸ್ಕಾರ. ಜೈಭೀಮ್ ಎಂದೇ ಬರೆಯಬೇಕಿತ್ತು. ಅದನ್ನು ಹೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಓದಿದ ಮೇಲೆ ನೀನೇ ಹೇಳು. ಮುದ್ದೇಬಿಹಾಳದಿಂದ ನೀನು ಹಾಕಿದ ಎರಡೂ ಕಾಗದ ಮುಟ್ಟಿವೆ. ಮೊದಲನೆಯದು ಬಂದು ಮೂರು ತಿಂಗಳಾಯಿತು. ಕ್ಷಮಿಸು ಎನ್ನುವುದಕ್ಕೂ ನಾಚಿಕೆ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅದನ್ನೇ ಜಗಳಕ್ಕೆ ತಿರುಗಿಸಿ ತಪ್ಪಿಸಿಕೊಳ್ಳುತ್ತೇನೆ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ಮೊಮ್ಮಗ ಹುಟ್ಟಿದ ಸುದ್ದಿ ಕೇಳಿ ನನ್ನ ಹೆಂಡತಿ ಸುವರ್ಣಾ ಎರಡು ಕುಂಚಿಗೆ ಹೊಲಿದಿಟ್ಟಿದ್ದಾಳೆ. ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ. ಇಲ್ಲಿ ಮಳೆ ಪರವಾಗಿಲ್ಲ. ತೊಗರಿ ಮೊಣಕಾಲಿಗೆ ಬಂದಿದೆ.

"ಹೆಂಗೈತೋ ನಿನ್ನ ತಗಡಿನ ಗುಡಿ?" ಎಂದು ಕೇಳಿದ್ದೀ. ಇದೆ. ಹಾಸ್ಟೆಲ್ಲಿನಲ್ಲಿ ಒಂದೇ ತಾಟಿನಲ್ಲಿ ಉಂಡು, ಒಂದೇ ಬ್ಯಾನರು ಹಿಡಿದು ಲಾಠಿ ತಿಂದವರು ನಾವು. ಆಮೇಲೆ ನೀನು ಬುದ್ಧನ ಕಡೆ ಹೋದೆ, ನಾನು ಏಸುವಿನ ಸಭೆಗೆ ಬಂದೆ. "ಬಾಡಿಗಿ ಮನಿ ಬದಲ್ ಮಾಡಿದಿ, ಮಾಲಕ ಅವನ ಅದಾನ" ಎಂದು ನೀನು ಹಂಗಿಸಿದ್ದೆ. ನಾನು ಮೋಕ್ಷಕ್ಕೆ ಬಂದವನಲ್ಲ. ನಮ್ಮ ಕೇರಿಯಲ್ಲಿ ಪುಸ್ತಕ ಹಿಡಿದು ಕುಳಿತು ಗಟ್ಟಿಯಾಗಿ ಓದಬಹುದಾದ ಜಾಗ ಅದೊಂದೇ ಇತ್ತು. ಹತ್ತೊಂಬತ್ತು ವರ್ಷದಿಂದ ನಾನು ಅಲ್ಲಿಯ ವಾಚಕ. ಪಾಸ್ಟರ್ ರಾವಸಾಬರು ರವಿವಾರ ಸಿಂದಗಿಯಿಂದ ಬೈಕಿನ ಮೇಲೆ ಬಂದು ಪ್ರಸಂಗ ಮಾಡಿ ಹೋಗುತ್ತಾರೆ. ಬುಧವಾರ ಸಂಜೆಯ ಓದು ನನ್ನದು. ಅಕ್ಷರ ಬಾರದವರು ಸುತ್ತ ಕೂಡುತ್ತಾರೆ. ನಾನು ಬೈಬಲ್ಲಿನ ಒಂದು ಸಾಲು ಓದುತ್ತೇನೆ, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುತ್ತಾರೆ. ಒಬ್ಬರಾದರೂ ಸರಿಯಾಗಿ ಹೇಳುವ ತನಕ ಮುಂದಿನ ಸಾಲಿಗೆ ಹೋಗುವುದಿಲ್ಲ. ನಮ್ಮ ಪದ್ಧತಿ ಅದು.

ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ಹುಲಿಗೆವ್ವ. ಗಂಡ ತೀರಿಹೋಗಿದ್ದಾನೆ. ದ್ರಾಕ್ಷಿ ತೋಟದ ಕೂಲಿ. ಒಬ್ಬಳೇ ಮಗಳು ಕಾವೇರಿ, ಪಿಯುಸಿ ಪಾಸಾದವಳು. ಕಳೆದುಹೋದ ಕುರಿಯ ಕಥೆ ಓದಿದ ದಿನ, ಉಳಿದ ಕುರಿಗಳನ್ನೆಲ್ಲ ಬಿಟ್ಟು ಒಂದನ್ನೇ ಹುಡುಕಿಕೊಂಡು ಹೋದ ಕುರುಬನಿಗೆ ಅವಳು ಬೈದಳು. "ಅಲ್ರೀ, ಬಿಟ್ಟ ಹ್ವಾದ ಕುರಿಗೆ ತ್ವಾಳ ಬಂದ್ರ? ನಮ್ಮ ಕುರಿ ಕಾಯೋ ಮಾಳಿಂಗಗ ಕೇಳ್ರಿ. ಹಂಗ ಮಾಡಿದವನ ಕೈಯಾಗ ಮತ್ತ ಯಾರೂ ಕುರಿ ಕೊಡಂಗಿಲ್ಲ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಿನ ಮುಂದಿನ ಸಾಲಿಗೆ ಹೋಗಲಿಲ್ಲ.

ಅವಳು ದೀಕ್ಷಾಸ್ನಾನ ತೆಗೆದುಕೊಂಡಿರಲಿಲ್ಲ, ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ. ಅವಳ ಮನೆಯ ಗೋಡೆಯ ಮೇಲೆ ಹುಲಿಗೆಮ್ಮ ದೇವಿಯ ಫೋಟೋ ಇದ್ದೇ ಇತ್ತು. ಮತ್ತೆ ಯಾಕೆ ಬರುತ್ತೀ ಎಂದು ಒಮ್ಮೆ ಕೇಳಿದ್ದೆ. "ಇಲ್ಲಿ ಕುಂದ್ರಾಕ ಚಾಪಿ ಹಾಸ್ತೀರಿ ಅಣ್ಣಾ. ಊರಾಗ ನನಗ ಯಾರ ಚಾಪಿ ಹಾಸ್ಯಾರ?" ಎಂದಳು. ಇಷ್ಟು ದೊಡ್ಡ ಪ್ರಸಂಗ ನಾನು ಯಾವ ಪಾಸ್ಟರ್ ಬಾಯಿಂದಲೂ ಕೇಳಿಲ್ಲ.

ಎರಡು ವರ್ಷದ ಹಿಂದೆ ಸಭೆಯವರು ಕಣ್ಣಿನ ಶಿಬಿರ ಮಾಡಿ, ಪಕ್ಕದ ಅಗರಖೇಡದವರನ್ನೂ ನಮ್ಮವರನ್ನೂ ಜೀಪಿನಲ್ಲಿ ಕೂಡಿಸಿಕೊಂಡು ಹೋಗಿ ಪೊರೆ ತೆಗೆಸಿದರು. ಹುಲಿಗೆವ್ವನ ಎಡಗಣ್ಣು ಬಂತು. ಯಾರಿಗೂ ಏನನ್ನೂ ಬಿಡು ಎನ್ನಲಿಲ್ಲ, ಯಾರನ್ನೂ ಸೇರು ಎನ್ನಲಿಲ್ಲ. ಅದರಲ್ಲಿ ಕೊಂಕು ಹುಡುಕಬೇಡ. ಕೊಂಕು ಇದ್ದದ್ದು ನನ್ನ ಪೆನ್ನಿನಲ್ಲಿ.

ಮೂರು ತಿಂಗಳಿಗೊಮ್ಮೆ ಸಭೆಯ ಪತ್ರಿಕೆಗೆ ವರದಿ ಬರೆಯುವವನು ನಾನು. ಎಷ್ಟು ಮನೆ ಭೇಟಿ, ಎಷ್ಟು ರೋಗಿಗಳ ಸೇವೆ, ಎಷ್ಟು ಹೊಸ ಆತ್ಮಗಳು. ಈ ಕೊನೆಯ ಅಂಕಣ ಎರಡು ಸಲ ಖಾಲಿ ಹೋಗಿತ್ತು. ರಾವಸಾಬರು, "ಬರೇ ಓದ್ತೀರೇನ್ರಿ ಪ್ರೇಮಕುಮಾರ? ಬೆಳೀ ಎಲ್ಲೈತ್ರಿ?" ಎಂದರು. ನಾನು ಬರೆದೆ. ಕತ್ತಲೆಯಲ್ಲಿದ್ದ ಸಹೋದರಿ ಹುಲಿಗೆವ್ವ ಕಣ್ಣು ಪಡೆದು, ಮಗಳು ಕಾವೇರಿಯೊಡನೆ ದೀಕ್ಷಾಸ್ನಾನ ಹೊಂದಿ, ವಿಗ್ರಹಗಳನ್ನು ತೊರೆದಳು ಎಂದು ಬರೆದೆ. ತಾಯಿ ಮಗಳು ಬೈಬಲ್ ಹಿಡಿದು ತಗಡಿನ ಬಾಗಿಲಲ್ಲಿ ನಿಂತ ಫೋಟೋವನ್ನೂ ಹಚ್ಚಿದೆ. ಐವತ್ತು ಜನ ಸೇರಿದ ಮೆರವಣಿಗೆಗೆ ಐನೂರು ಜನ ಎಂದು ಪೇಪರಿಗೆ ಬರೆದುಕೊಡುತ್ತಿದ್ದೆವಲ್ಲ, ಆಗ ಪಳಗಿದ ಕೈ ಇದು. ಅಡ್ಡಿಯಿಲ್ಲದೆ ಓಡಿತು.

ಈ ವರ್ಷ ನಮ್ಮ ಕೇರಿಯ ಅಂಗನವಾಡಿಗೆ ಕಾರ್ಯಕರ್ತೆಯ ಜಾಗ ತೆರವಾಯಿತು. ಪರಿಶಿಷ್ಟ ಜಾತಿಗೆ ಮೀಸಲು. ತಾತ್ಕಾಲಿಕ ಪಟ್ಟಿಯಲ್ಲಿ ಕಾವೇರಿಯ ಹೆಸರು ಮೊದಲಿತ್ತು. ಹುಲಿಗೆವ್ವ ಕೇರಿಗೆಲ್ಲ ಚುರುಮುರಿ ಹಂಚಿದಳು. ವಾರದೊಳಗೆ ಊರಿನ ನಾಲ್ಕು ಜನ ತಕರಾರು ಅರ್ಜಿ ಕೊಟ್ಟರು. ಇವರು ಕ್ರೈಸ್ತರಾಗಿದ್ದಾರೆ, ಇವರ ಜಾತಿ ಸರ್ಟಿಫಿಕೇಟ್ ನಡೆಯುವುದಿಲ್ಲ ಎಂದು. ಅರ್ಜಿಗೆ ಲಗತ್ತಿಸಿದ್ದು ನಾನು ಬರೆದ ಪುಟ. ಅವರಿಗೆ ಹೇಗೆ ಸಿಕ್ಕಿತೆಂದು ಹುಡುಕುವ ಕೆಲಸವಿಲ್ಲ. ರಾವಸಾಬರೇ ಪತ್ರಿಕೆಯನ್ನು ವಾಟ್ಸಾಪಿಗೆ ಹಾಕುತ್ತಾರೆ.

ನೀನು ಬುದ್ಧನ ಕಡೆ ಹೋದೆ, ಕಾನೂನು ನಿನ್ನ ಜಾತಿಯನ್ನು ಉಳಿಸಿತು. ಏಸುವಿನ ಕಡೆ ಹೋದವನ ಜಾತಿ ಹೋಯಿತು ಎನ್ನುತ್ತದೆ. ಎಲ್ಲಿಗೆ ಹೋಯಿತಂತೆ? ಚಹಾದಂಗಡಿಯಲ್ಲಿ ಹೋಗಿಲ್ಲ. ಕ್ಷೌರದಂಗಡಿಯಲ್ಲಿ ಹೋಗಿಲ್ಲ. ಹೆಣ ಹೂಳಲು ಜಾಗ ಕೇಳಿದಾಗ ಹೋಗಿಲ್ಲ. ಸರ್ಟಿಫಿಕೇಟಿನಲ್ಲಿ ಮಾತ್ರ ಹೋಗುತ್ತದೆ. ಮೊದಲಾಗಿದ್ದರೆ ಇದನ್ನು ಕರಪತ್ರ ಮಾಡಿ ಇಂಡಿಯಿಂದ ಬಸವನ ಬಾಗೇವಾಡಿಯ ತನಕ ಹಂಚುತ್ತಿದ್ದೆ. ಈಗ ನಿನಗೊಬ್ಬನಿಗೆ ಬರೆದೆ. ಸಿಟ್ಟು ಬರುತ್ತಿಲ್ಲ ಸಂಜೀವ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಹಾಗಾಗಿದೆ. ನಾಲಿಗೆ ಒಸಡಿಗೆ ತಾಗುತ್ತದೆ, ತಾಗಿದ್ದು ತಿಳಿಯುವುದಿಲ್ಲ.

ತಕರಾರಿನ ವಿಚಾರಣೆಗೆ ನೋಟೀಸು ಬಂದ ದಿನ ಹುಲಿಗೆವ್ವ ಅದನ್ನೂ ಆ ಪುಟವನ್ನೂ ತಂದು ನನ್ನ ಮುಂದೆ ಇಟ್ಟಳು. "ಅಣ್ಣಾ, ಕಾವೇರಿ ಓದವಲ್ಲಳು. ನೀ ಓದು" ಎಂದಳು. ನಾನು ಒಂದು ಸಾಲು ಓದಿದೆ. ಅವಳು ರೂಢಿಯಂತೆ ತಿರುಗಿ ಹೇಳಿದಳು. "ಹುಲಿಗೆವ್ವ ಕತ್ತಲ್ಯಾಗ ಇದ್ದಳು." ಇನ್ನೊಂದು ಓದಿದೆ. "ಹುಲಿಗೆವ್ವಗ ಕಣ್ಣ ಬಂತು." ಮೂರನೆಯದು ಓದಿದೆ. ಅವಳು ತಿರುಗಿ ಹೇಳಲಿಲ್ಲ. ಎರಡನೆಯ ಸಲ ಓದಿದೆ. ಅವಳು ಫೋಟೋ ನೋಡುತ್ತ, "ಚೊಲೊ ಬರದಿ. ಈ ಹುಲಿಗೆವ್ವ ಯಾ ಊರಾಕಿ?" ಎಂದಳು.

ಆಮೇಲೆ ಒಂದೇ ಒಂದು ಕೇಳಿದಳು. "ವಿಚಾರಣಿ ದಿನ ಬಂದು, ಇದು ಖರೇ ಅಲ್ಲ, ನಾ ಸುಳ್ಳ ಬರದೇನಿ ಅಂದುಬಿಡು. ಅಷ್ಟ ಸಾಕು." ಬರುತ್ತೇನೆ ಎಂದೆ.

ರಾವಸಾಬರಿಗೆ ತಿಳಿಸಿದೆ. "ಹಂಗಂದ್ರ ನಮ್ಮ ಪತ್ರಿಕಾದಾಗ ಬಂದದ್ದೆಲ್ಲಾ ಸುಳ್ಳ ಅಂತಾರ್ರಿ. ನಾಳೆ ಕಣ್ಣಿನ ಶಿಬಿರಕ್ಕ ಯಾರ ಬರ್ತಾರ? ನಾವು ಅವರ ಸಲುವಾಗಿ ಪ್ರಾರ್ಥನಾ ಮಾಡೋಣು" ಎಂದರು. ಅವರು ಕೆಟ್ಟವರಲ್ಲ. ಹೆದರಿದ್ದರು. ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ನಾನು ಕಣ್ಣು ತೆರೆದೇ ಕುಳಿತಿದ್ದೆ. ಅವರ ಅಂಗಿಯ ಗುಂಡಿಯೊಂದು ಹರಿದಿತ್ತು, ಅದನ್ನೇ ನೋಡಿದೆ.

ವಿಚಾರಣೆಯ ದಿನ ಹುಲಿಗೆವ್ವ ಗೋಡೆಯ ಮೇಲಿನ ಹುಲಿಗೆಮ್ಮನ ಫೋಟೋವನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಅದು ಅವಳ ತೊಡೆಯ ಮೇಲಿತ್ತು. ತಾಲ್ಲೂಕು ಕಚೇರಿಯಲ್ಲಿ ಸಾಹೇಬರ ಟೇಬಲ್ಲಿನ ಮೇಲೆ ಬಿಚ್ಚಿ ಇಟ್ಟಳು. "ನೋಡ್ರಿ, ನಮ್ಮವ್ವ ಮನ್ಯಾಗ ಅದಾಳ್ರಿ." ಸಾಹೇಬರು, "ಫೋಟೋ ನಿನ್ನೆ ಸೈತ ಕೊಂಡಿರಬಹುದವ್ವಾ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನೀವ ಬರದದ್ದೇನ್ರಿ?"

"ಹೌದ್ರಿ."

"ಖರೇ ಐತೇನ್ರಿ?"

ಹುಲಿಗೆವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬುಧವಾರ ಮುಂದಿನ ಸಾಲಿಗೆ ಕಾಯುತ್ತಿದ್ದ ಹಾಗೆ.

"ಅಚ್ಚಾದದ್ದು ಅಚ್ಚಾಗೇತ್ರಿ" ಎಂದೆ.

ಸಾಹೇಬರು ಗುಮಾಸ್ತನಿಗೆ, "ಬರಕೋ, ಒಪ್ಪಿದಾರ" ಎಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ಕಾವೇರಿಯ ಹೆಸರು ಪಟ್ಟಿಯಿಂದ ಹೋಯಿತು, ಜಾಗ ಎರಡನೆಯವಳಿಗೆ ಹೋಯಿತು. ಹುಲಿಗೆವ್ವ ಫೋಟೋ ಸುತ್ತಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ನನಗೆ ಏನಾದರೂ ತಾಗುತ್ತಿತ್ತೋ ಏನೋ.

ಬೈದವಳು ಕಾವೇರಿ, ಅದೂ ನಗುತ್ತ. ಬಸ್ಸಿಗೆ ನಿಂತಾಗ ಪಕ್ಕಕ್ಕೆ ಬಂದು, "ಮಾವಾ, ಇನ್ನ ನನಗ ದೀಕ್ಷಾಸ್ನಾನ ಕೊಡಿಸಿಬಿಡ್ರಿ. ಬರೆಯೂದು ಬರದೀರಿ, ನೀರಷ್ಟ ಬಾಕಿ" ಎಂದಳು. ಈಗ ಚಡಚಣದ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಮಣೂಕ ಆರಿಸಲು ಹೋಗುತ್ತಾಳೆ. ಹುಲಿಗೆವ್ವ ಬುಧವಾರ ಬರುವುದಿಲ್ಲ. ನಾನು ಓದುತ್ತೇನೆ. ತಿರುಗಿ ಹೇಳುವವರು ತಡವರಿಸುತ್ತಾರೆ, ನಾನು ಕಾಯದೆ ಮುಂದಿನ ಸಾಲಿಗೆ ಹೋಗುತ್ತೇನೆ.

ನೀನು ಇದನ್ನು ಓದಿ, ಅಂಜುಬುರುಕ, ತಗಡಿನ ಗುಡಿ ಉಳಿಸಲು ಒಬ್ಬ ಹೆಣ್ಣುಮಗಳ ಅನ್ನ ಕಿತ್ತೆ ಎಂದು ಬೈಯುತ್ತೀ. ಬೈ. ನಿನ್ನ ಬೈಗುಳ ನನಗೆ ಬೇಕು.

ಮೊಮ್ಮಗನಿಗೆ ನೂರು ಮುತ್ತು. ಅವನು ಯಾರ ಮುಂದೆಯೂ ಸರ್ಟಿಫಿಕೇಟ್ ಹಿಡಿದು ನಿಲ್ಲದೆ ಬಾಳಲಿ. ಬಾಣಂತಿಗೆ ಎದೆತುಂಬ ಹಾಲು ಬರಲಿ. ವೈನಿಯವರಿಗೆ ಸುವರ್ಣಾಳ ಶರಣು ಹೇಳು.

ನಿನ್ನವನೇ ಆಗಿದ್ದ,
ಪ್ರೇಮಕುಮಾರ

ತಾ.ಕ.: ನನ್ನ ಮಗಳ ಸುದ್ದಿಯನ್ನು ಮೇಲೆ ಎಲ್ಲಿಯೂ ಬರೆಯಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಪಟ್ಟಿಯಲ್ಲಿ ಎರಡನೆಯವಳು ಅವಳೇ, ಶಿವಾನಿ. ಸಾಹೇಬರು ಖರೇ ಐತೇನ್ರಿ ಎಂದು ಕೇಳಿದಾಗ ಅದು ನನಗೆ ಗೊತ್ತಿತ್ತು. ರಾವಸಾಬರ ನೆನಪೂ ಬರಲಿಲ್ಲ, ಶಿಬಿರದ ನೆನಪೂ ಬರಲಿಲ್ಲ. ನನ್ನ ಮನೆಯಲ್ಲಿ ನನಗೂ ಸುವರ್ಣಾಳಿಗೂ ಶಿವಾನಿಗೂ ದೀಕ್ಷಾಸ್ನಾನ ಆಗಿದೆ. ಆದರೆ ನಮ್ಮ ಮೂವರ ಹೆಸರು ಯಾವ ಪತ್ರಿಕೆಯಲ್ಲಿಯೂ, ಯಾವ ವರದಿಯಲ್ಲಿಯೂ ಬಂದಿಲ್ಲ. ಬರೆಯುವವನು ನಾನೇ ಅಲ್ಲವೆ. ಅವಳ ಸರ್ಟಿಫಿಕೇಟ್ ನಡೆಯಿತು. ಸೋಮವಾರ ಅಂಗನವಾಡಿಗೆ ಹಾಜರಾದಳು. ಬಾಗಿಲು ತೆಗೆಯುವಷ್ಟರಲ್ಲಿ ಯಾರೋ ಎರಡು ಕೊಡ ನೀರು ತುಂಬಿ ಕಟ್ಟೆಯ ಮೇಲೆ ಇಟ್ಟು ಹೋಗಿದ್ದರಂತೆ. ಎದುರು ಮನೆಯ ಹುಲಿಗೆವ್ವ ಅತ್ತಿ ಎಂದು ಮಕ್ಕಳು ಹೇಳಿದವಂತೆ. ಶಿವಾನಿ ಮನೆಗೆ ಬಂದು ಅದನ್ನು ಹೇಳುವಾಗ ನಾನು ಊಟಕ್ಕೆ ಕುಳಿತಿದ್ದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡೆ.