ನಾದಿನಿಯ ನೆಲಗಪ್ಪೆಗಳು

12 ಆಗಸ್ಟ್, ಮಂಗಳವಾರ. ಸಿರಸಂಗಿ.

ಇವತ್ತೂ ನಾದಿನಿ ಸಪ್ನಾಳಿಗೆ ಸುಳ್ಳು ಹೇಳಿದೆ.

ನರ್ಸಿಂಗ್ ಪರೀಕ್ಷೆಗೆ ಓದಲು ಧಾರವಾಡಕ್ಕೆ ಹೋಗುವಾಗ ಅವಳು ತನ್ನ ಎರಡು ನೆಲಗಪ್ಪೆಗಳನ್ನು ನನಗೊಪ್ಪಿಸಿದ್ದಳು. "ವೈನಿ, ದಿನಾ ಒಂದ ನಮೂನಿ ಹಾಕಬ್ಯಾಡ್ರಿ. ಎರೆಹುಳ, ಮಿಡತಿ, ಗೆದ್ದಲ ಎಲ್ಲಾ ಬೇಕ್ರಿ ಅವಕ್ಕ" ಎಂದಿದ್ದಳು. ಎರೆಹುಳ ಮುಟ್ಟಲು ನನಗೆ ಹೇಸಿಗೆ. ಎರಡು ತಿಂಗಳು ಬರೀ ಹಳೇ ಹಿಟ್ಟಿನಲ್ಲಾಗುವ ಹುಳಗಳನ್ನೇ ಚಮಚದಿಂದ ಹಾಕಿದೆ. ಈಗ ದೊಡ್ಡ ಕಪ್ಪೆ ಹಿಂಗಾಲು ಎಳೆಯುತ್ತಿದೆ.

ದನದ ಡಾಕ್ಟರು ನೋಡಿ, "ಒಂದ ನಮೂನಿ ತಿಂದು ತಿಂದು ಎಲುಬು ಮೆತ್ತಗಾಗ್ಯಾವ. ಭಾಳ ತಡಾ ಮಾಡಿ ತಂದೀರಿ" ಎಂದರು.

ಸಂಜೆ ಸಪ್ನಾಳ ಫೋನ್. "ಚಂದ ತಿಂತಾವಿಲ್ರಿ?"

"ತಿಂತಾವ" ಎಂದೆ.

"ನಾಳೆ ಬರತೇನ್ರಿ. ನೀವು ಅದೀರಂತ ನಿಶ್ಚಿಂತಿಂದ ಓದಿದೆ."

ಆಮೇಲೆ ಹಿತ್ತಲಿನ ಮಣ್ಣು ಕೆದರಿ ಬರಿಗೈಯಲ್ಲೇ ಎರೆಹುಳ ಹಿಡಿದೆ. ಚಿಕ್ಕ ಕಪ್ಪೆ ತಟ್ಟನೆ ನುಂಗಿತು. ದೊಡ್ಡದರ ಮುಂದೆ ಎಷ್ಟೋ ಹೊತ್ತು ಹಿಡಿದು ಕೂತೆ. ಅದು ಸುಮ್ಮನೆ ನೋಡಿತು, ಬಾಯಿ ತೆರೆಯಲಿಲ್ಲ.

ತಡೆಯಲಾಗದೆ ಸಪ್ನಾಳಿಗೆ ನಡೆದದ್ದೆಲ್ಲ ಬರೆದು ಕಳಿಸಿದ್ದೇನೆ. ಓದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.